ಊರಿನ ಮನೆಯ ಲ್ಯಾಂಡ್‌ಲೈನ್ ತೆಗೆಸಿ ಇಂಟರ್ನೆಟ್ ಫೋನ್ ಹಾಕಿಸಬಹುದಾ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ತೀರ್ಥಹಳ್ಳಿ ಕಡೆಯ ಊರಿನಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ. ಮೊಬೈಲ್ ಸಿಗ್ನಲ್ ಅಂಗಳದ ಮೂಲೆಯಲ್ಲಿ ಮಾತ್ರ. ತಾಮ್ರದ ತಂತಿಯ ಹಳೆಯ ಫೋನು ಮಳೆಗಾಲದಲ್ಲಿ ಪದೇ ಪದೇ ಹಾಳಾಗುತ್ತದೆ. ಈಗ ಊರಿಗೆ ಫೈಬರ್ ಬಂದಿದೆ. ಅದರಲ್ಲಿ ಬರುವ ಫೋನನ್ನು ನಂಬಬಹುದಾ?

ನಂಬಬಹುದು. ಸಾಗರ ತಾಲೂಕಿನ ನಮ್ಮ ಮನೆಯಲ್ಲೂ ಈಗ ಅದೇ ಇದೆ, ಅಮ್ಮ ದಿನಾ ಅದರಲ್ಲೇ ಮಾತಾಡುತ್ತಾರೆ. ಆದರೆ ಕರೆಂಟಿಗೆ ಏನು ಮಾಡುತ್ತೀರಿ ಅಂತ ಮೊದಲು ತೀರ್ಮಾನ ಮಾಡಿಕೊಳ್ಳಿ. ಆಮೇಲೆ ಲೈನ್ ಹಾಕಿಸಿ.

ಹಳೆಯ ಫೋನಿಗೆ ಪ್ಲಗ್ಗೇ ಇರಲಿಲ್ಲ, ಗಮನಿಸಿದ್ದೀರಾ? ಅದಕ್ಕೆ ಬೇಕಾದ 48 ವೋಲ್ಟ್ ಎಕ್ಸ್‌ಚೇಂಜಿನಿಂದ ಆ ಎರಡು ತಂತಿಯಲ್ಲೇ ಬರುತ್ತಿತ್ತು. ಎಕ್ಸ್‌ಚೇಂಜಿನಲ್ಲಿ ದೊಡ್ಡ ಬ್ಯಾಟರಿಗಳು, ಜನರೇಟರ್ ಇರುತ್ತವೆ. ಹಾಗಾಗಿ ಊರೆಲ್ಲ ಕತ್ತಲಾದರೂ ರಿಸೀವರ್ ಎತ್ತಿದರೆ ಡಯಲ್ ಟೋನ್ ಕೇಳಿಸುತ್ತಿತ್ತು. ಫೈಬರ್ ಅಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಹರಿಯುತ್ತದೆ, ಕರೆಂಟ್ ಹರಿಯಲ್ಲ. ಮನೆಯೊಳಗಿನ ಮೋಡೆಮ್ ಆ ಬೆಳಕನ್ನು ಇಂಟರ್ನೆಟ್ ಮಾಡಿ, ಮಾತನ್ನೂ ಅದರಲ್ಲೇ ಕಳಿಸುತ್ತದೆ. ಮೋಡೆಮ್ ಆಫ್ ಆದರೆ ಫೋನೂ ಆಫ್. ಇಷ್ಟು ದಿನ ಕಂಪನಿ ನೋಡಿಕೊಳ್ಳುತ್ತಿದ್ದ ಬ್ಯಾಟರಿಯ ಕೆಲಸ ಈಗ ನಿಮ್ಮ ಮನೆಗೆ ಬಂತು.

ಮೋಡೆಮ್ ಜೊತೆ ಬರುವ ಅಡಾಪ್ಟರನ್ನು ತಿರುಗಿಸಿ ನೋಡಿ. ಔಟ್‌ಪುಟ್ ಅಂತ ಬರೆದ ಕಡೆ ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ, ಪಕ್ಕದಲ್ಲಿ 1, 1.5 ಅಥವಾ 2 ಆಂಪಿಯರ್. ಅದೇ ವೋಲ್ಟಿನ, ಅಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಆಂಪಿಯರಿನ ರೌಟರ್ ಯುಪಿಎಸ್ ತೆಗೆದುಕೊಳ್ಳಿ. ಒಳಗೆ ಬ್ಯಾಟರಿ ಇರುವ, ಅಂಗೈಯಷ್ಟು ದೊಡ್ಡ ಡಬ್ಬಿ ಅದು, ಆನ್‌ಲೈನಿನಲ್ಲೂ ಸಿಗುತ್ತದೆ. ಕೆಲವು ಗಂಟೆ ಮೋಡೆಮ್ ಓಡಿಸುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೂ ಇದು ಬೇಕು ಅಂತಲೇ ನನ್ನ ಅಭಿಪ್ರಾಯ. ಕೆಲವು ಇನ್ವರ್ಟರ್‌ಗಳು ಬದಲಾಗುವಾಗ ಒಂದು ಕ್ಷಣ ಕರೆಂಟ್ ಬಿಟ್ಟು ಹಿಡಿಯುತ್ತವೆ. ಅಷ್ಟಕ್ಕೇ ಮೋಡೆಮ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ, ಮಾತಾಡುತ್ತಿದ್ದ ಕರೆ ಕಟ್ ಆಗುತ್ತದೆ. ಫೋನು ಮತ್ತೆ ಎದ್ದು ಕೂರುವುದಕ್ಕೆ ಒಂದೆರಡು ನಿಮಿಷ ಬೇಕು.

ಇಂಗ್ಲೆಂಡಿನಲ್ಲೂ ತಾಮ್ರದ ಹಳೆಯ ಫೋನ್ ಜಾಲವನ್ನು 2027ರ ಜನವರಿ ಕೊನೆಯೊಳಗೆ ನಿಲ್ಲಿಸುತ್ತಿದ್ದಾರೆ. ಮನೆಯ ಫೋನೇ ಗತಿ ಅನ್ನುವವರಿಗೆ ಕರೆಂಟ್ ಹೋದರೂ ಕನಿಷ್ಠ 1 ಗಂಟೆ ತುರ್ತು ಕರೆ ಮಾಡುವ ವ್ಯವಸ್ಥೆ ಕೊಡಬೇಕು ಅಂತ ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಫೋನ್ ಕಂಪನಿಗಳಿಗೆ ಹೇಳಿದೆ. ಮಲೆನಾಡಿನ ಆಷಾಢಕ್ಕೆ 1 ಗಂಟೆ ಎಲ್ಲಿ ಸಾಕು? ಮರ ಬಿದ್ದರೆ ಎರಡು ದಿನ ಕರೆಂಟ್ ಇಲ್ಲ. ಆದ್ದರಿಂದ ಯುಪಿಎಸ್ಸನ್ನು ಇನ್ವರ್ಟರ್ ಲೈನಿನ ಪ್ಲಗ್ಗಿಗೇ ಹಾಕಿ, ಒಂದರ ಹಿಂದೆ ಒಂದು ಇರಲಿ.

ಇನ್ನೊಂದು ಮಾತು, ಕಾರ್ಡ್‌ಲೆಸ್ ಬೇಡ. ಅದರ ಬೇಸ್‌ಗೆ ಬೇರೆಯೇ ಪ್ಲಗ್ ಬೇಕು, ಮೋಡೆಮ್‌ಗೆ ಯುಪಿಎಸ್ ಇದ್ದರೂ ಬೇಸ್ ಸಾಯುತ್ತದೆ. ವೈರಿನ ಸಾದಾ ಫೋನಿಗೆ ಮೋಡೆಮ್ಮಿನ ಫೋನ್ ಪೋರ್ಟಿನಿಂದಲೇ ಶಕ್ತಿ ಸಿಗುತ್ತದೆ. ನಿಮ್ಮಲ್ಲಿ ಈಗಿರುವ ಗುಂಡಿ ಒತ್ತುವ ಫೋನೇ ಸಾಕು. ತಿರುಗಿಸುವ ಡಯಲ್ಲಿನ ತುಂಬಾ ಹಳೆಯ ಫೋನಾದರೆ ರಿಂಗ್ ಆದರೂ, ಡಯಲ್ ಮಾಡುವ ನಂಬರನ್ನು ಹೆಚ್ಚಿನ ಮೋಡೆಮ್‌ಗಳು ಗುರುತಿಸುವುದಿಲ್ಲ.

ಇಷ್ಟು ಮಾಡಿಕೊಂಡರೆ ಸಿಗುವ ಸುಖ ದೊಡ್ಡದು. ತಾಮ್ರದ ಜಾಯಿಂಟಿಗೆ ನೀರು ಇಳಿದಾಗ ಬರುವ ಆ ಕರಕರ ಸದ್ದು ಇಲ್ಲ. ಕಿವಿ ಸ್ವಲ್ಪ ಮಂದವಾದವರಿಗೆ ಇದು ತುಂಬಾ ಮುಖ್ಯ. ಸಿಡಿಲಿನ ಕಥೆಯೂ ಬೇರೆ. ಮೊದಲು ಗುಡುಗು ಕೇಳಿದ ಕೂಡಲೇ ಫೋನಿನ ಪಿನ್ ತೆಗೆದಿಡಬೇಕಿತ್ತು, ಇಲ್ಲದಿದ್ದರೆ ತಂತಿಯಲ್ಲೇ ಬಂದು ಸುಟ್ಟುಹಾಕುತ್ತಿತ್ತು. ಗಾಜಿನ ಎಳೆಯಲ್ಲಿ ಸಿಡಿಲು ಬರಲ್ಲ. ಗೋಡೆಯ ಪ್ಲಗ್ಗಿನ ಕಡೆಯ ಅಪಾಯ ಮಾತ್ರ ಹಾಗೇ ಇದೆ. ಗುಡುಗುವಾಗ ಯುಪಿಎಸ್ಸಿನ ಪ್ಲಗ್ ಎಳೆದುಬಿಡಿ, ಬ್ಯಾಟರಿ ಮೇಲೆ ಫೋನು ನಡೆಯುತ್ತಲೇ ಇರುತ್ತದೆ. ಮನೆಯೊಳಗೆ ವೈಫೈ ಬಂದರೆ ನಿಮ್ಮ ಮೊಬೈಲಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ, ಊರಿಗೆ ಹೋದಾಗ ಅಂಗಳದ ಮೂಲೆಗೆ ಓಡುವುದು ತಪ್ಪುತ್ತದೆ.

ನಂಬರಿನ ವಿಷಯದಲ್ಲಿ ಅವಸರ ಮಾಡಬೇಡಿ. ನೆಂಟರ ಮನೆಯ ಡೈರಿಗಳಲ್ಲೆಲ್ಲ ಅದೇ ನಂಬರ್ ಇರುತ್ತದೆ. ಬಿಎಸ್‌ಎನ್‌ಎಲ್ ತಾಮ್ರದ ಲೈನಿನಿಂದ ಬಿಎಸ್‌ಎನ್‌ಎಲ್ ಫೈಬರಿಗೇ ಹೋಗುವುದಾದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಬೇರೆ ಕಂಪನಿಗೆ ಹೋದರೆ ಹೊಸ ನಂಬರ್. ಮೊಬೈಲಿಗೆ ಇರುವ ಪೋರ್ಟ್ ಸೌಲಭ್ಯ ನಮ್ಮ ದೇಶದಲ್ಲಿ ಲ್ಯಾಂಡ್‌ಲೈನಿಗೆ ಇಲ್ಲ. ಅರ್ಜಿಯಲ್ಲಿ ಹಳೆಯ ನಂಬರ್ ಮುಂದುವರಿಸಿ ಅಂತ ಬರೆಸಿ. ಹೊಸದರಲ್ಲಿ ರಿಂಗ್ ಆಗುವವರೆಗೆ ಹಳೆಯ ಲೈನ್ ಸರೆಂಡರ್ ಮಾಡಬೇಡಿ. ಸರೆಂಡರ್ ಮಾಡುವಾಗ ಡೆಪಾಸಿಟ್ ವಾಪಸ್ ಕೇಳುವುದನ್ನು ಮರೆಯಬೇಡಿ.

ಜಗುಲಿಯಲ್ಲೊಂದು, ಅಡುಗೆಮನೆಯಲ್ಲೊಂದು ಅಂತ ಹಳೆಯ ವೈರಿಂಗ್ ಇದೆಯಾ? ಅದನ್ನೇ ಮೋಡೆಮ್ಮಿಗೆ ಸೇರಿಸಬಹುದು. ಆದರೆ ಹೊರಗಿನಿಂದ ಬರುವ ತಾಮ್ರದ ತಂತಿಯನ್ನು ಮೊದಲು ಪೂರ್ತಿ ಬಿಡಿಸಬೇಕು. ಎಕ್ಸ್‌ಚೇಂಜಿನ 48 ವೋಲ್ಟ್ ಇನ್ನೂ ಬರುತ್ತಿದ್ದರೆ ಮೋಡೆಮ್ಮಿನ ಫೋನ್ ಪೋರ್ಟ್ ಸುಟ್ಟುಹೋಗಬಹುದು. ಇದನ್ನು ಹಾಕಲು ಬಂದವರ ಎದುರಿಗೇ ನಿಂತು ನೋಡಿ.

ರಿಪೇರಿ ಮಾತ್ರ ಮೊದಲಿನಷ್ಟು ಸುಲಭ ಇಲ್ಲ. ತಾಮ್ರದ ತಂತಿ ಕಡಿದರೆ ನಮ್ಮ ಕಡೆ ಮನೆಯವರೇ ಸಿಪ್ಪೆ ಬಿಡಿಸಿ ತಿರುಚಿ ಜೋಡಿಸುತ್ತಿದ್ದರು. ಫೈಬರ್ ಜೋಡಿಸಲು ಸ್ಪ್ಲೈಸಿಂಗ್ ಮಷೀನ್ ಇದ್ದವರೇ ಬರಬೇಕು. ತೋಟದ ನಡುವೆ ಕೇಬಲ್ ಎಳೆಯಲು ಬಿಡಬೇಡಿ, ಅಡಿಕೆ ಸೋಗೆ ಬಿದ್ದೇ ಬೀಳುತ್ತದೆ. ಸ್ವಲ್ಪ ಸುತ್ತಾದರೂ ರಸ್ತೆ ಬದಿಯಿಂದ ತರಿಸಿ. ಒಳಗೆ ಕಪಾಟಿನ ಹಿಂದೆ ಎಳೆಯನ್ನು ಮಡಚಿ ಒತ್ತಬೇಡಿ, ಬೆಳಕು ಸೋರಿ ಲೈನ್ ದುರ್ಬಲವಾಗುತ್ತದೆ.

ಅಪ್ಪನಿಗೆ ಮೋಡೆಮ್ಮಿನ ದೀಪ ತೋರಿಸಿಕೊಡಿ. ಲಾಸ್ (LOS) ಅನ್ನುವ ಕೆಂಪು ದೀಪ ಮಿಟುಕಿದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ, ಹೆಚ್ಚಾಗಿ ಹೊರಗೆ ಕೇಬಲ್ ಕಡಿದಿರುತ್ತದೆ. ಕೆಂಪು ಇಲ್ಲ, ಇಂಟರ್ನೆಟ್ ಇದೆ, ಫೋನಿನ ದೀಪ ಮಾತ್ರ ಇಲ್ಲ ಅಂದರೆ ಒಮ್ಮೆ ಆಫ್ ಮಾಡಿ ಆನ್ ಮಾಡಲಿ. ಆಗಲೂ ಬರದಿದ್ದರೆ ದೂರು ಕೊಡುವಾಗ ಈ ದೀಪದ ಸ್ಥಿತಿಯನ್ನೇ ಹೇಳಲಿ, ಬರುವವರಿಗೆ ಯಾವ ಸಾಮಾನು ತರಬೇಕು ಅಂತ ಗೊತ್ತಾಗುತ್ತದೆ.

ವೈಫೈ ಇದೆ, ವಾಟ್ಸಾಪ್ ಸಾಕು, ಸುಮ್ನೆ ಫೋನ್ ಯಾಕೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ವಾಟ್ಸಾಪಿನಿಂದ 108ಕ್ಕೆ, 112ಕ್ಕೆ ಕರೆ ಹೋಗಲ್ಲ. ಇಬ್ಬರೇ ಇರುವ ಮನೆಯಲ್ಲಿ ಅದೊಂದೇ ಕಾರಣ ಸಾಕು. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ 0 ಒತ್ತಬೇಕು ಅನ್ನುವ 2021ರ ಜನವರಿಯ ನಿಯಮ ಇದಕ್ಕೂ ಇದೆ. ಅಮ್ಮನ ಫೋನಿನಲ್ಲಿ ನಿಮ್ಮ ನಂಬರನ್ನು 0 ಸೇರಿಸಿಯೇ ಸೇವ್ ಮಾಡಿಕೊಡಿ.

ಎಲ್ಲ ಜೋಡಿಸಿ ಆದಮೇಲೆ ಹಾಕಲು ಬಂದವರು ಹೊರಡುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿಸಿ. ಆ ಫೋನಿನಿಂದ ಒಂದು ಕರೆ ಹೋಗಬೇಕು, ಹೊರಗಿನಿಂದ ಒಂದು ಕರೆ ಬರಬೇಕು. ಎರಡೂ ಆದಮೇಲೆ ಕಾಗದಕ್ಕೆ ಸಹಿ ಹಾಕಿ.