‘ಎಲ್ಲಿ ನಿಂತಿದ್ದೀರಿ?’

ನಾನು ಕುಟುಂಬ ಸಲಹೆಗಾರ್ತಿ. ಲಾರಿ ದಾರಿಯಲ್ಲಿ ನಿಂತಾಗಲೆಲ್ಲ ಮನೆಯಿಂದ ಹೋಗುವ ಈ ಪ್ರಶ್ನೆಯ ಸುತ್ತ ಹುಟ್ಟಿದ ಜಗಳ ಹೊತ್ತು ನನ್ನ ಬಳಿಗೆ ಬಂದ ಲಾರಿ ಚಾಲಕರ ಕುಟುಂಬಗಳು ಈ ಮೂರ್ನಾಲ್ಕು ವರ್ಷಗಳಲ್ಲಿ ಒಂಬತ್ತೋ ಹತ್ತೋ ಆಗಿರಬೇಕು. ಬರೆಯಲು ಅದೊಂದು ಕಾರಣ. ಇನ್ನೊಂದು ಕಾರಣವೆಂದರೆ, ಈ ಪ್ರಕರಣದಲ್ಲಿ ಮೊದಲು ಎಡವಿದವಳು ನಾನೇ. ದಂಪತಿಯ ಒಪ್ಪಿಗೆ ಪಡೆದು, ಗುರುತು ಸಿಗದಷ್ಟು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಗಂಡನಿಗೆ ನಲವತ್ತೈದರ ಆಸುಪಾಸು. ಇಪ್ಪತ್ತು ವರ್ಷಕ್ಕೂ ಮೀರಿ ಸ್ಟೇರಿಂಗ್ ಹಿಡಿದ ಕೈ. ಹನ್ನೆರಡು ಚಕ್ರದ ಲಾರಿಯಲ್ಲಿ ನೆಲಮಂಗಲದ ಗೋದಾಮಿನಿಂದ ಮುಂಬೈ ಬಳಿಯ ಭಿವಂಡಿಗೆ ಹೋಗುವುದು, ಅಲ್ಲಿ ಸಿಕ್ಕ ಲೋಡಿನೊಂದಿಗೆ ಮರಳುವುದು. ಜೊತೆಗೆ ಕ್ಲೀನರ್ ಇಲ್ಲ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ, ಮಗ ಐಟಿಐ ಓದುತ್ತಿದ್ದಾನೆ. ಕುಡಿತವಿಲ್ಲ, ಸಾಲ ಮಿತಿಯಲ್ಲಿದೆ. ಮಾಲೀಕರು ಲಾರಿಗೆ ಜಿಪಿಎಸ್ ಹಾಕಿಸಿದಾಗ ಚಾಲಕನ ಫೋನಿಗೂ ಒಂದು ಆ್ಯಪ್ ಕೊಟ್ಟಿದ್ದರು. ಅಪ್ಪ ಎಲ್ಲಿದ್ದಾರೆಂದು ಅಮ್ಮನಿಗೂ ತಿಳಿಯಲಿ ಎಂದು ಮಗ ಅದನ್ನು ಅವರ ಫೋನಿಗೂ ಹಾಕಿಕೊಟ್ಟ. ಅಂದಿನಿಂದ ಹೊಲಿಗೆ ಯಂತ್ರದ ಮೇಲೆ, ದಾರದ ಉಂಡೆಗಳ ನಡುವೆ, ಆ ಫೋನ್ ಸದಾ ತೆರೆದೇ ಇರುತ್ತಿತ್ತು.

‘ಇವಳಿಗೆ ಸಂಶಯ, ಮೇಡಂ’ ಎಂದರು ಗಂಡ. ‘ಇವರು ಫೋನ್ ಎತ್ತುವುದಿಲ್ಲ, ಎತ್ತಿದರೆ ಬೈಯುತ್ತಾರೆ’ ಎಂದರು ಹೆಂಡತಿ. ನಾನೂ ಸಂಶಯವೆಂದೇ ಹಿಡಿದೆ. ಲಾರಿ, ರಾತ್ರಿ, ಢಾಬಾ ಎಂದ ಕೂಡಲೇ ಊರಿನವರ ತಲೆಯಲ್ಲಿ ಏಳುವ ಕೊಳಕು ಚಿತ್ರ ನನ್ನ ತಲೆಯಲ್ಲೂ ಎದ್ದಿತ್ತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ದಾಂಪತ್ಯದಲ್ಲಿ ನಂಬಿಕೆ ಎಷ್ಟು ಮುಖ್ಯ ಎಂದು ಮುಕ್ಕಾಲು ಗಂಟೆ ಹೇಳಿ, ಆ್ಯಪ್ ತೆಗೆದುಹಾಕಿ ಎಂದು ಕಳಿಸಿಕೊಟ್ಟೆ. ಗಂಡ ಹಗುರಾಗಿ ಎದ್ದರು. ಹೆಂಡತಿ ಮಾತಾಡಲಿಲ್ಲ. ಅವರೇಕೆ ಸುಮ್ಮನಾದರೆಂದು ನಾನು ಕೇಳಬೇಕಿತ್ತು.

ಎರಡು ವಾರಕ್ಕೆ ಮತ್ತೆ ಬಂದರು, ಮೊದಲಿಗಿಂತ ಹದಗೆಟ್ಟು. ಆ್ಯಪ್ ಹೋಯಿತು, ಬದಲಿಗೆ ಗಂಟೆಗೊಂದು ಕರೆ ಶುರುವಾಯಿತು. ಒಂದು ರಾತ್ರಿ ಎರಡು ಗಂಟೆಗೆ ಗಂಡ ಫೋನ್ ಎತ್ತದಿದ್ದಾಗ ಮಗನಿಂದ ಮಾಲೀಕರಿಗೇ ಫೋನ್ ಮಾಡಿಸಿದರು. ನಿದ್ದೆಗೆಟ್ಟ ಮಾಲೀಕರು ಚಾಲಕನಿಗೆ ಬೈದರು. ಆ್ಯಪ್ ಮತ್ತೆ ಫೋನಿಗೆ ಬಂತು.

ಈ ಸಲ ನಾನು ಉಪದೇಶ ಬಿಟ್ಟು, ಆ ಪ್ರಯಾಣವನ್ನು ಆ್ಯಪ್‌ನಲ್ಲೇ ತೋರಿಸಿ ಎಂದೆ. ಮೇಜಿನ ಮೇಲೆ ಫೋನ್ ಇಟ್ಟರು. ಹೆದ್ದಾರಿ 48ರ ಉದ್ದಕ್ಕೂ ಒಂದು ನೀಲಿ ಗೆರೆ, ಲಾರಿ ನಿಂತಲ್ಲೆಲ್ಲ ಕೆಂಪು ಚುಕ್ಕೆ. ಒಂದೊಂದರ ಮೇಲೂ ಬೆರಳಿಟ್ಟು ಹೇಳಿ ಎಂದು ಗಂಡನನ್ನು ಕೇಳಿದೆ. ಶಿರಾದ ಬಳಿ ಹನ್ನೊಂದು ನಿಮಿಷ: ಟಾರ್ಪಾಲಿನ ಹಗ್ಗ ಸಡಿಲವಾಗಿತ್ತು, ಒಬ್ಬನೇ ಮೇಲೆ ಹತ್ತಿ ಬಿಗಿದದ್ದು. ಹಾವೇರಿಯ ಬಳಿ ನಲವತ್ತು ನಿಮಿಷ: ಊಟ, ಹೊಗೆಯ ಮಾಲಿನ್ಯ ತಗ್ಗಿಸುವ ಆಡ್‌ಬ್ಲೂ ದ್ರವ ತುಂಬಿಸಿದ್ದು. ಬೆಳಗಾವಿ ದಾಟಿ ಒಂದೂವರೆ ಗಂಟೆ: ನಿದ್ದೆ. ಮನೆಯಿಂದ ಫೋನ್ ಬಂದಿದ್ದು ಆಗಲೇ. ಕೊನೆಗೆ ಭಿವಂಡಿಯ ಗೋದಾಮಿನ ಗೇಟಿನ ಹೊರಗೆ ಅನ್‌ಲೋಡಿಗಾಗಿ ಹತ್ತೊಂಬತ್ತು ಗಂಟೆ ಕಾದದ್ದು. ‘ಅಲ್ಲಿ ಚುಕ್ಕೆ ಹಸಿರು, ಮೇಡಂ. ತಲುಪಿದೆ ಎಂದು ತೋರಿಸುತ್ತದೆ. ಆ ಹತ್ತೊಂಬತ್ತು ಗಂಟೆ ಏಕೆ ನಿಂತೆ ಎಂದು ಯಾರೂ ಕೇಳಲಿಲ್ಲ.’

ಬೆರಳು ಮತ್ತೆ ಬೆಳಗಾವಿಯ ಚುಕ್ಕೆಗೆ ಬಂತು. ‘ಇಲ್ಲಿ ನಾನು ಮೊದಲು ಎತ್ತಿದ್ದು ಸಾಹುಕಾರರ ಫೋನ್, ಎಲ್ಲಿ ನಿಂತಿದ್ದೀಯಾ ಎಂದರು. ಹತ್ತು ನಿಮಿಷಕ್ಕೆ ಇವಳು ಮತ್ತೆ ಮಾಡಿ, ಎಲ್ಲಿ ನಿಂತಿದ್ದೀರಿ ಎಂದಳು. ಅವರದು ಏಕವಚನ, ಇವಳದು ಬಹುವಚನ. ಅಷ್ಟೇ ವ್ಯತ್ಯಾಸ.’

ಹೆಂಡತಿ ಬಹಳ ಹೊತ್ತು ಫೋನನ್ನೇ ನೋಡುತ್ತಿದ್ದರು. ಆಮೇಲೆ ಅವರ ಅಣ್ಣನ ವಿಷಯ ಬಂತು. ಅವರು ಲಾರಿಯಲ್ಲಿ ಕ್ಲೀನರ್ ಆಗಿದ್ದವರು, ಮೊಬೈಲ್ ಇಲ್ಲದ ಕಾಲದಲ್ಲಿ ಹೊರರಾಜ್ಯದ ಘಾಟಿಯೊಂದರಲ್ಲಿ ತೀರಿಕೊಂಡವರು. ‘ಸುದ್ದಿ ಬಂದದ್ದು ಮೂರನೆಯ ದಿನ. ಆ ಮೂರು ದಿನ ನಾವು ಮನೆಯಲ್ಲಿ ನಗುನಗುತ್ತಾ ಇದ್ದೆವು, ಮೇಡಂ. ಹಪ್ಪಳ ಒತ್ತುತ್ತಿದ್ದೆವು. ಈಗ ಚುಕ್ಕೆ ನಿಂತರೆ ನನಗೆ ಅದೇ ನೆನಪಾಗುತ್ತದೆ.’

ಸಂಶಯದ ಸುಳಿವೂ ಇರಲಿಲ್ಲ. ಅಷ್ಟೂ ಹೆದರಿಕೆ. ಅಣ್ಣ ತೀರಿಹೋದದ್ದು ಗಂಡನಿಗೆ ಗೊತ್ತಿತ್ತು, ಹಪ್ಪಳದ ಸಂಗತಿ ಗೊತ್ತಿರಲಿಲ್ಲ. ಅವರು ತಲೆ ತಗ್ಗಿಸಿ, ಅಷ್ಟು ದಿನ ಮನೆಯಲ್ಲಿ ಹೇಳದಿದ್ದ ಒಂದು ಮಾತು ಹೇಳಿದರು. ಹಿಂದಿನ ತಿಂಗಳು ನಿಪ್ಪಾಣಿಯ ಬಳಿ ಕಣ್ಣು ಎಳೆಯುತ್ತಿದ್ದರೂ ಅವರು ನಿಂತಿರಲಿಲ್ಲ. ಎಚ್ಚರವಾದದ್ದು ಎಡಗಡೆಯ ಚಕ್ರ ಮಣ್ಣಿಗಿಳಿದು ಗಾಡಿ ನಡುಗಿದಾಗ. ‘ನಿಂತರೆ ಎರಡು ಫೋನ್. ಓಡಿಸುತ್ತಿದ್ದರೆ ಒಂದೂ ಇಲ್ಲ.’

ಈ ಮಾತಿಗಾಗಿಯೇ ಇದನ್ನೆಲ್ಲ ಬರೆದೆ. ಹೆದರಿ ಕಾಯುವವರು ಕಾಯುತ್ತಿದ್ದ ರೀತಿಯೇ, ಯಾವುದಕ್ಕೆ ಹೆದರಿದ್ದರೋ ಅದನ್ನು ಹತ್ತಿರ ಕರೆಯುತ್ತಿತ್ತು.

ಚಾಲಕರ ಬಾಯಿಂದ ನಾನು ಕಲಿತದ್ದೊಂದಿದೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ತೆರಿಗೆ ಚೆಕ್‌ಪೋಸ್ಟುಗಳು ಎದ್ದುಹೋದವು. 2021ರ ಫೆಬ್ರವರಿಯಿಂದ ಫಾಸ್ಟ್‌ಟ್ಯಾಗ್ ಕಡ್ಡಾಯವಾಗಿ ಟೋಲ್‌ಗಳ ಸಾಲು ಕರಗಿತು. ಸರಕಿನ ಜೊತೆ ಇರಬೇಕಾದ ಇ-ವೇ ಬಿಲ್ ಎಂಬ ಸಾಗಣೆ ದಾಖಲೆ ಮೊದಲು ನೂರು ಕಿಲೋಮೀಟರಿಗೆ ಒಂದು ದಿನದ ಅವಧಿ ಕೊಡುತ್ತಿತ್ತು, ಅದೇ ವರ್ಷದ ಜನವರಿಯಿಂದ ಇನ್ನೂರಕ್ಕೆ ಒಂದು ದಿನವಾಯಿತು. ಸಾಲುಗಳು ಹೋದದ್ದು ಒಳ್ಳೆಯದೇ. ಚೆಕ್‌ಪೋಸ್ಟಿನ ಲಂಚಕ್ಕಾಗಿ ಯಾವ ಚಾಲಕನೂ ಅಳುವುದಿಲ್ಲ. ಆದರೆ ಆ ಸಾಲುಗಳಲ್ಲಿ ಚಾಲಕ ಸ್ಟೇರಿಂಗಿಗೆ ಹಣೆ ಕೊಟ್ಟು ಅರ್ಧ ಗಂಟೆ ತೂಕಡಿಸುತ್ತಿದ್ದ, ಏಕೆ ತಡವಾಯಿತೆಂದರೆ ಹೇಳಲು ಒಂದು ನೆಪವೂ ಇರುತ್ತಿತ್ತು. ಈಗ ಟೋಲ್ ದಾಟಿದ ಕೂಡಲೇ ಹಣ ಕಡಿತದ ಸಂದೇಶ ಮಾಲೀಕರ ಫೋನಿಗೆ ಹೋಗುತ್ತದೆ. ನಿದ್ದೆ ಬಂತು ಎನ್ನುವುದನ್ನು ನೆಪವಿಲ್ಲದೆ ನೇರವಾಗಿ ಹೇಳಬೇಕು. ಅದನ್ನು ಹೇಳಲು ನಮ್ಮ ಗಂಡಸರಿಗೆ ನಾಚಿಕೆ.

ನಾನು ಕೊಟ್ಟ ಸಲಹೆ ಸಣ್ಣದು. ಆ್ಯಪ್ ಇರಲಿ, ಆದರೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹೆಂಡತಿ ಅದನ್ನು ತೆರೆಯುವುದು ಬೇಡ. ಗಾಡಿ ನಿಲ್ಲಿಸಿ ಮಲಗುವ ಮುನ್ನ ಗಂಡ ಒಂದು ಮಿಸ್ಡ್ ಕಾಲ್ ಕೊಡಬೇಕು, ಮತ್ತೆ ಹೊರಡುವಾಗ ಎರಡು. ಹೆಂಡತಿ ತಿರುಗಿ ಕರೆಯಬಾರದು. ಮಾಲೀಕರಿಗೆ ಹೊರಡುವ ಮುನ್ನವೇ, ರಾತ್ರಿ ಎರಡರಿಂದ ನಾಲ್ಕರ ನಡುವೆ ಎಲ್ಲಾದರೂ ನಿಂತು ಮಲಗುತ್ತೇನೆ ಎಂದು ಹೇಳಿಬಿಡಬೇಕು. ಆ ಹೊತ್ತಿನಲ್ಲಿ ಎಚ್ಚರವಾಗಿರಲು ಯಾರ ದೇಹವೂ ಸುಲಭವಾಗಿ ಒಪ್ಪುವುದಿಲ್ಲ, ಚಹಾ ಎಷ್ಟು ಕುಡಿದರೂ ಅದು ಮುಗಿಯುವ ಸಂಗತಿಯಲ್ಲ. ಗಂಡ ಜೋರಾಗಿ ಗೊರಕೆ ಹೊಡೆಯುತ್ತಾರೆಂದು ಹೆಂಡತಿ ಹೇಳಿದ್ದರಿಂದ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆಯೇ ಎಂದು ನೋಡಿಸಲು ವೈದ್ಯರ ಬಳಿಗೂ ಕಳಿಸಿದೆ. ಅಣ್ಣನ ಸಾವಿನ ಬಗ್ಗೆ ಮಾತಾಡಲು ಹೆಂಡತಿ ಒಬ್ಬರೇ ಬರಬೇಕೆಂದೆ.

ಇದನ್ನು ಸಹೋದ್ಯೋಗಿಗಳ ಮುಂದಿಟ್ಟಾಗ ಇಬ್ಬರು ನನ್ನ ಮೇಲೆ ಹರಿಹಾಯ್ದರು. ತಪ್ಪು ಮಾಲೀಕನದು, ಹೊಂದಿಕೊಳ್ಳುವ ಭಾರ ಮಾತ್ರ ಬಡ ದಂಪತಿಯ ಮೇಲೆ ಹಾಕಿದ್ದೀರಿ ಎಂದು ಒಬ್ಬರು. ನಿದ್ದೆಯನ್ನು ಬೇಡಿ ಪಡೆಯಬೇಕೇ ಎಂದು ಇನ್ನೊಬ್ಬರು. ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆ ದುಡಿದರೆ ಅರ್ಧ ಗಂಟೆ ಬಿಡುವು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಬರೆದಿಟ್ಟಿತ್ತು ಎನ್ನುವುದು ನನಗೂ ಗೊತ್ತು. ಚಾಲಕನಿಗೂ ಅದನ್ನು ಹೇಳಿದೆ. ಅವರು ನಕ್ಕರು. ನಾನು ಮಾಲೀಕರೊಂದಿಗೆ ಮಾತಾಡಲೇ ಎಂದರೆ ಕೈ ಮುಗಿದರು: ‘ಬೇಡ ಮೇಡಂ, ಗಾಡಿಯಿಂದ ಇಳಿಸುತ್ತಾರೆ.’ ಅವರು ಬೇಡವೆಂದ ಮೇಲೆ ನಾನು ಧೈರ್ಯ ತೋರಿಸುವುದು ಅವರ ಅನ್ನದ ಮೇಲೆ ತೋರಿಸಿದಂತೆ. ಮಾಲೀಕರೂ ಮೂರೇ ಲಾರಿಯವರು, ಮೂರಕ್ಕೂ ಕಂತು ಕಟ್ಟುವವರು. ದಾರಿಯಲ್ಲಿ ಡೀಸೆಲ್ ಕಳವಾಗುವುದೂ ಸುಳ್ಳಲ್ಲ. ಜಿಪಿಎಸ್ ಕಿತ್ತೆಸೆಯಿರಿ ಎನ್ನುವುದು ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸುವ ಮಾತು. ನನ್ನ ಕೋಣೆಗೆ ಬರುವವರು ನಾಳೆ ಬೆಳಿಗ್ಗೆ ಲೋಡು ಏರಿಸಬೇಕಾದವರು.

ಹಾಗಾಗಿ, ಮನೆಯಲ್ಲಿ ಇಂಥ ಚುಕ್ಕೆ ನೋಡುತ್ತಾ ಕೂರುವವರಿಗೆ, ಅದು ಲಾರಿಯದಾಗಲಿ, ಬಾಡಿಗೆ ಕಾರಿನದಾಗಲಿ, ಊಟ ತಲುಪಿಸುವ ಹುಡುಗನದಾಗಲಿ, ನಾನು ಕೇಳುವುದಿಷ್ಟೇ: ನಿಂತಾಗ ಫೋನ್ ಮಾಡಬೇಡಿ. ಮಾಡಲೇಬೇಕೆಂದರೆ, ಐದಾರು ಗಂಟೆಯಾದರೂ ಚುಕ್ಕೆ ಎಲ್ಲೂ ನಿಂತಿಲ್ಲವೆಂದಾಗ ಮಾಡಿ, ‘ಸ್ವಲ್ಪ ಮಲಗಿ’ ಎನ್ನಿ.

ಮೂರನೆಯ ಸಲ ಹೆಂಡತಿ ಒಬ್ಬರೇ ಬಂದಿದ್ದರು. ಅಣ್ಣನ ಹಳೆಯ ಫೋಟೋ ತಂದಿದ್ದರು, ಖಾಕಿ ಅಂಗಿ, ಕೊರಳಿಗೊಂದು ಟವೆಲ್. ಮಾತಿನ ನಡುವೆ ಅವರ ಫೋನ್ ಒಮ್ಮೆ ರಿಂಗಾಗಿ ನಿಂತಿತು. ಹಗಲು ಮೂರೂವರೆ. ‘ನಿಂತರು’ ಎಂದು ಫೋನನ್ನು ಚೀಲಕ್ಕೆ ಹಾಕಿ ಮತ್ತೆ ಅಣ್ಣನ ಕಥೆಗೆ ಹೊರಳಿದರು. ಗಂಡ ಮಾಲೀಕರಿಗೆ ಹೇಳಿದರೇ ಎಂದು ಎದ್ದು ಹೊರಡುವಾಗ ಕೇಳಿದೆ. ಇನ್ನೂ ಇಲ್ಲವಂತೆ. ಮಾಲೀಕರ ಫೋನ್ ಈಗಲೂ ಬರುತ್ತದಂತೆ, ಏಕವಚನದಲ್ಲೇ.