ಅಂಗನವಾಡೀಲಿ ಮಕ್ಕಳು ಆಡುವಾಗ ಎಂತ ನೋಡ್ಬೇಕು, ಹೇಗೆ ಬರೀಬೇಕು?

ಟೀಚರ್ ಟ್ರೈನಿಂಗಿನ ಅಸೈನ್‌ಮೆಂಟಿಗೆ ಐದು ದಿನ ಅಂಗನವಾಡೀಲಿ ಕೂತು 3ರಿಂದ 5 ವರ್ಷದ ಮಕ್ಕಳ ಚಲನ ಕೌಶಲ, ಸಾಮಾಜಿಕ ವರ್ತನೆ ನೋಡಿ ಬರೀಬೇಕು, ಎರಡು ದಿನ ಆಯ್ತು, ಮಕ್ಕಳು ಓಡ್ತಾರೆ ಬೀಳ್ತಾರೆ ಅನ್ನೋದು ಬಿಟ್ರೆ ಬೇರೆಂತ ಕಾಣ್ತಾ ಇಲ್ಲ ಅಂತ ಕೇಳಿದ್ದೀರಿ. ನಾನು ಕಾಸರಗೋಡಿನ ಪೆರ್ಲ ಕಡೆಯವಳು, ಅಂಗನವಾಡಿ ಟೀಚರ್ ಆಗಿ ಹದಿನಾರು ವರ್ಷ ಆಯ್ತು. ನನಗೆ ಗೊತ್ತಿದ್ದಷ್ಟು ಹೇಳ್ತೇನೆ.

ಮೊದ್ಲು ನೋಟ್‌ಬುಕ್ಕಿನ ಪೇಜಿಗೆ ನಡುವೆ ಒಂದು ಗೆರೆ ಎಳೀರಿ. ಎಡಗಡೆ ಕಣ್ಣಿಗೆ ಕಂಡದ್ದು, ಬಲಗಡೆ ನಿಮಗೆ ಅನಿಸಿದ್ದು. ಹಠಮಾರಿ, ನಾಚಿಕೆ ಸ್ವಭಾವ, ಚುರುಕು, ಇದೆಲ್ಲ ಬಲಗಡೆಗೆ ಹೋಗ್ಬೇಕು. ಎಡಗಡೆ "10.20ಕ್ಕೆ ಬಾಲು ಹತ್ರ ಬಂತು, ಎರಡೂ ಕೈ ನೆಟ್ಟಗೆ ಚಾಚಿ ಮುಖ ಆಚೆ ತಿರುಗಿಸಿದ, ಬಾಲು ಎದೆಗೆ ತಾಗಿ ಬಿತ್ತು, ಹೆಕ್ಕಿ ಪಕ್ಕದವಳಿಗೆ ಕೊಟ್ಟ" ಅಂತ ಇರ್ಲಿ. ನಿಮಗೆ ಬೇಕಾದ ಎರಡೂ ಇದ್ರಲ್ಲೇ ಉಂಟು ನೋಡಿ. ಕೈ ನೆಟ್ಟಗೆ ಮಾಡಿ ಮುಖ ತಿರುಗಿಸೋದು ಬಾಲು ಹಿಡಿಯೋಕೆ ಕಲಿಯುವ ಶುರುವಿನ ಹಂತ, ಆಮೇಲೆ ಮೊಣಕೈ ಮಡಚಿ ಎದೆಗೆ ಒತ್ತಿ ಹಿಡೀತಾರೆ, ಬರೀ ಬೆರಳಲ್ಲಿ ಹಿಡಿಯೋದು ಎಷ್ಟೋ ಸಮಯ ಕಳೆದ ಮೇಲೆ. ಎಸೆಯುವಾಗ ಕಾಲು ನೋಡಿ. ಸಣ್ಣವರು ನಿಂತಲ್ಲೇ ಬರೀ ಕೈಯಲ್ಲಿ ಎಸೀತಾರೆ, ಸ್ವಲ್ಪ ದೊಡ್ಡವರು ಎಸೆಯುವ ಕೈಯ ಬದಿಯದ್ದೇ ಕಾಲು ಮುಂದಿಡ್ತಾರೆ, ಸರಿಯಾಗಿ ಕಲಿತ ಮೇಲೆ ಎದುರು ಬದಿಯ ಕಾಲು ಮುಂದೆ ಬರ್ತದೆ. ಮೆಟ್ಟಿಲಲ್ಲಿ ಒಂದೊಂದಕ್ಕೆ ಎರಡೂ ಕಾಲು ಇಡ್ತಾರಾ ಇಲ್ಲಾ ಒಂದು ಬಿಟ್ಟು ಒಂದು ಕಾಲಾ, ಒಂಟಿ ಕಾಲಲ್ಲಿ ಎಷ್ಟು ಸಲ ಹಾರ್ತಾರೆ, ಪೆನ್ಸಿಲ್ ಮುಷ್ಟಿಯಲ್ಲಿ ಹಿಡೀತಾರಾ ಮೂರು ಬೆರಳಲ್ಲಿ ಹಿಡೀತಾರಾ, ಇದನ್ನೂ ಬರ್ಕೊಳ್ಳಿ. ಸಾಧಾರಣ 3ಕ್ಕೆ ವೃತ್ತ, 4ಕ್ಕೆ ಪ್ಲಸ್ ಗುರುತು, 5ರ ಹತ್ರ ತ್ರಿಕೋನ ನೋಡಿ ಬಿಡಿಸ್ತಾರೆ, ಒಬ್ಬರಿಂದ ಒಬ್ಬರಿಗೆ ಕೆಲವು ತಿಂಗಳು ಹಿಂದೆ ಮುಂದೆ ಆಗ್ತದೆ.

ಸಾಮಾಜಿಕ ವರ್ತನೆಗೆ ನಿಮ್ಮ ಸಿಲೆಬಸ್ಸಲ್ಲಿ ಮಿಲ್ಡ್ರೆಡ್ ಪಾರ್ಟೆನ್ ಹೆಸರು ಬಂದಿರ್ಬಹುದು, ಮಕ್ಕಳ ಆಟದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದವರು, ಅದು 1932ರಲ್ಲಿ ಪ್ರಕಟ ಆದದ್ದು. ಸುಮ್ನೆ ಇರೋದು, ಒಬ್ಬನೇ ಆಡೋದು, ನಿಂತು ನೋಡೋದು, ಪಕ್ಕಪಕ್ಕ ಕೂತು ಬೇರೆಬೇರೆ ಆಡೋದು, ಸಾಮಾನು ಕೊಟ್ಟು ತಗೊಂಡು ಆಡೋದು, ಒಂದೇ ಆಟಕ್ಕೆ ಎಲ್ರೂ ಸೇರಿ ಆಡೋದು, ಹೀಗೆ ಆರು ಬಗೆ ಮಾಡಿದ್ರು. ಅವರು ಒಂದೊಂದು ಮಗುವನ್ನ ಒಂದೊಂದು ನಿಮಿಷ, ಬೇರೆಬೇರೆ ದಿನ ಮತ್ತೆಮತ್ತೆ ನೋಡಿದ್ದು. ನೀವೂ ಹಾಗೇ ಮಾಡಿ, ಇಪ್ಪತ್ತು ಮಕ್ಕಳನ್ನ ಒಟ್ಟಿಗೆ ನೋಡೋಕೆ ಹೋದ್ರೆ ಯಾರೂ ಕಾಣೋದಿಲ್ಲ. ಆದ್ರೆ ಆ ಆರನ್ನ ಏಣಿ ಮೆಟ್ಟಿಲು ಅಂತ ತಿಳ್ಕೊಳ್ಬೇಡಿ. ಐದು ವರ್ಷದವಳು ಒಬ್ಬಳೇ ಕೂತು ಮಣ್ಣಲ್ಲಿ ಮನೆ ಕಟ್ತಾ ಇದ್ರೆ ಅವಳಿಗೆ ಆ ಹೊತ್ತಿಗೆ ಅದೇ ಬೇಕಾದದ್ದು.

ಇನ್ನು ನಾನು ತಪ್ಪಿದ್ದು ಹೇಳ್ತೇನೆ, ಯಾಕಂದ್ರೆ ನೀವೂ ಇಲ್ಲೇ ತಪ್ಪೋದು. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಒಬ್ಬನ ಮನೇಲಿ ತುಳು, ಒಬ್ಬಳ ಮನೇಲಿ ಮಲಯಾಳ, ಇನ್ನೊಬ್ಬರದ್ದು ಬ್ಯಾರಿ, ಕೊಂಕಣಿ, ಹವ್ಯಕ, ಮರಾಟಿ, ನಾನು ಮಾತಾಡೋದು ಕನ್ನಡ. ನಾಲ್ಕು ವರ್ಷದ ಒಬ್ಬ ಹುಡುಗ ಎರಡು ತಿಂಗಳು ಗೋಡೆಗೆ ಬೆನ್ನು ಕೊಟ್ಟು ನಿಂತೇ ಇದ್ದ, ನಾನು ರಿಜಿಸ್ಟರಲ್ಲಿ "ಬೆರೆಯುವುದಿಲ್ಲ" ಅಂತ ಬರೆದುಬಿಟ್ಟೆ. ಅವನ ಮನೆಮಾತು ಮರಾಟಿ, ಅಂಗಳದಲ್ಲಿ ಆಟ ನಡೀತಾ ಇದ್ದದ್ದು ಅರ್ಧ ಮಲಯಾಳ ಅರ್ಧ ತುಳುವಲ್ಲಿ, ಅದು ನನ್ನ ತಲೆಗೇ ಬರ್ಲಿಲ್ಲ. ಒಂದು ದಿನ ಗಾಳಿಗೆ ಪಕ್ಕದ ತೋಟದಿಂದ ಅಡಿಕೆ ಹಾಳೆ ಬಿತ್ತು, ಮಕ್ಕಳು ಎಳ್ಕೊಂಡು ಬಂದ್ರು, ಒಬ್ಬಳು ಕೂತ್ಲು, ಹಾಳೆಗೆ ಅಂಟಿಕೊಂಡ ಗರಿ, ಅಂದ್ರೆ ಸೋಗೆ, ಹಿಡಿದು ಎಳೆಯೋಕೆ ಒಬ್ಬನಿಗೆ ಆಗ್ಲಿಲ್ಲ, ಇವನು ಗೋಡೆ ಬಿಟ್ಟು ಓಡಿ ಬಂದು ಸೋಗೆಗೆ ಕೈ ಹಾಕಿದ. ಮೊದ್ಲು ಹಿಂದೆ ಹಿಂದೆ ನಡೀತಾ ಎಳೆದ, ಸಾಕಾಗ್ಲಿಲ್ಲ ಅಂತ ತಿರುಗಿ ಸೋಗೆಯನ್ನ ಹೆಗಲ ಮೇಲೆ ಹಾಕಿ ಎಳೆದ, ತಿರುವಲ್ಲಿ ಕೂತವಳು ವಾಲಿದಾಗ ನಿಂತ, ಅವಳು ಸರಿಯಾಗಿ ಕೂತ ಮೇಲೆ ಮತ್ತೆ ಎಳೆದ, ಆಮೇಲೆ ತಾನು ಕೂರ್ಬೇಕು ಅಂತ ಹಾಳೆಗೆ ಬಡಿದು ತೋರಿಸಿದ, ಅವರು ಬಿಟ್ಟುಕೊಟ್ರು. ಒಂದು ಮಾತೂ ಆಡ್ಲಿಲ್ಲ! ಬಲ, ಬ್ಯಾಲೆನ್ಸ್, ಇನ್ನೊಬ್ಬರ ಕಡೆ ಗಮನ, ಸರದಿ ಕೇಳೋದು, ಎಲ್ಲ ಆ ಹತ್ತು ನಿಮಿಷದಲ್ಲಿ ಇತ್ತು. ಅವತ್ತು ಸಂಜೆ ರಿಜಿಸ್ಟರ್ ತೆಗೆದು ಆ ಶಬ್ದ ನೋಡುವಾಗ ಹೊಟ್ಟೆಯೊಳಗೆ ಸಂಕಟ ಆಯ್ತು. ನಿಂತು ನೋಡ್ತಾ ಇದ್ದ ಎರಡು ತಿಂಗಳೂ ಅವನು ಆಟ ಕಲೀತಾ ಇದ್ದದ್ದು. ಹಾಗಾಗಿ ಮಗುವಿನ ಮನೆಮಾತು ಯಾವುದು ಅಂತ ಮೊದಲ ದಿನವೇ ಕೇಳಿ ಬರ್ಕೊಳ್ಳಿ, ಮಾತು ಬೇಡದ ಆಟದಲ್ಲೂ ಒಂದು ಸಲ ನೋಡಿ.

ಬೆರಳಿನ ಸೂಕ್ಷ್ಮ ಚಲನೆ ನೋಡೋಕೆ ನನಗೆ ಚೆನ್ನೆಮಣೆಯಷ್ಟು ಒಳ್ಳೇದು ಬೇರೆ ಸಿಕ್ಕಿಲ್ಲ. ಹದಿನಾಲ್ಕು ಗುಳಿ ಇರುವ ಮರದ ಮಣೆ, ಅದಕ್ಕೆ ಹಾಕೋಕೆ ಮಂಜೊಟ್ಟಿ ಅನ್ನುವ ಕೆಂಪು ಕಾಳು. ಆಟದ ನಿಯಮ ಬೇಡ, ಬರೀ ಗುಳಿಗೆ ಒಂದೊಂದು ಹಾಕ್ಲಿ, ಹೆಬ್ಬೆರಳು ತೋರುಬೆರಳಲ್ಲಿ ಹೆಕ್ತಾರಾ ಅಂಗೈಯಲ್ಲಿ ಬಾಚ್ತಾರಾ, ಬಲಗೈ ಎಡತುದಿಯ ಗುಳಿವರೆಗೆ ಹೋಗ್ತದಾ ಇಲ್ಲಾ ನಡುವಲ್ಲಿ ಕೈ ಬದಲಾಗ್ತದಾ ನೋಡಿ. ಮೂರು ವರ್ಷದೊಳಗಿನವರು ಹತ್ರ ಇದ್ರೆ ಕಾಳು ತೆಗೀಲೇಬೇಡಿ, ಬಾಯಿಗೆ ಹಾಕ್ತಾರೆ.

ಇನ್ನೊಂದು, ಇದನ್ನ ಹಗುರ ಮಾಡ್ಬೇಡಿ. ತಾಯಂದಿರ ಎದುರು "ಇವನು ಲೇಟ್" ಅಂತ ಬಾಯಿ ತಪ್ಪಿಯೂ ಹೇಳ್ಬೇಡಿ. ನಮ್ಮ ಎಣ್ಮಕಜೆ, ಪಡ್ರೆ ಕಡೆ ಗೇರು ತೋಟಕ್ಕೆ 2000ದ ತನಕ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದ್ದು, ಆ ಊರುಗಳಲ್ಲಿ ಅಂಗವೈಕಲ್ಯ ಇರುವ ಮಕ್ಕಳು ಹುಟ್ಟಿದ್ದನ್ನ ಕಂಡ ಅಜ್ಜಿಯಂದಿರು ಇವತ್ತಿಗೂ ಮಗು ನಡೆಯೋದು ನಾಲ್ಕು ದಿನ ತಡ ಆದ್ರೆ ನಿದ್ದೆ ಮಾಡೋದಿಲ್ಲ. ಆದ್ರೆ ಬರ್ತಾ ಇದ್ದ ಮಾತು ಅಥವಾ ನಡಿಗೆ ನಿಂತುಹೋದ್ರೆ, ಹೆಸರು ಕರೆದ್ರೂ ತಿರುಗದಿದ್ರೆ, ಒಂದು ಬದಿಯ ಕೈಕಾಲು ಉಪಯೋಗಿಸದೇ ಇದ್ರೆ ಸುಮ್ಮನಿರ್ಬೇಡಿ, ಅಲ್ಲಿನ ಟೀಚರ್ ಹತ್ರ ಬೇರೆಯಾಗಿ ಹೇಳಿ. 2013ರಿಂದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಅಂತ ಮಕ್ಕಳ ಆರೋಗ್ಯಕ್ಕೆ ಸರಕಾರದ ಯೋಜನೆ ಉಂಟು, ಅದ್ರಲ್ಲಿ ತಪಾಸಣೆ ಮಾಡಿ ಡಿಇಐಸಿ ಅನ್ನುವ ಜಿಲ್ಲಾ ಮಟ್ಟದ ಸೆಂಟರಿಗೆ ಕಳಿಸ್ತಾರೆ. ರೋಗದ ಹೆಸರು ಇಡೋದು ನಿಮ್ಮ ಕೆಲಸವೂ ಅಲ್ಲ ನನ್ನ ಕೆಲಸವೂ ಅಲ್ಲ.

ಮಕ್ಕಳ ಹೆಸರು ಬರೀಬೇಡಿ, ಅ, ಆ, ಇ ಅಂತ ಹಾಕಿ. ಫೋಟೋ ಬೇಡ. ಉಳಿದದ್ದು ಮೂರು ದಿನ ಅಲ್ವಾ, ನಾಳೆ ಇಬ್ರೇ ಮಕ್ಕಳನ್ನ ಆರಿಸ್ಕೊಳ್ಳಿ, ಒಬ್ಬ ಎಲ್ಲರ ಕಣ್ಣಿಗೂ ಬೀಳುವವನು, ಇನ್ನೊಬ್ಬಳು ಮೂಲೇಲಿ ನಿಲ್ಲುವವಳು. ಹೋಗುವ ದಾರೀಲಿ ತೋಟ ಇದ್ರೆ ಬಿದ್ದ ಹಾಳೆ ಒಂದು ಕೇಳಿ ತಗೊಂಡು ಹೋಗಿ, ಸೋಗೆ ಕಡೀಬೇಡಿ, ಹಿಡಿದು ಎಳೆಯೋಕೆ ಬೇಕು.