ಓದುಗರ ಪ್ರಶ್ನೆ: ತನಿಖಾಧಿಕಾರಿಗೂ ಒಂದು ಗಾಯವಿರಲೇಬೇಕೆ?

ಪ್ರಶ್ನೆ: ಈಚೆಗೆ ಓದಿದ ನಾಲ್ಕು ಪತ್ತೇದಾರಿ ಕಾದಂಬರಿಗಳೂ ಸಣ್ಣ ಊರುಗಳಲ್ಲಿ ನಡೆಯುವಂಥವು. ನಾಲ್ಕರಲ್ಲಿಯೂ ತನಿಖಾಧಿಕಾರಿ ಕುಡುಕ, ಹೆಂಡತಿಯಿಂದ ದೂರವಾದವನು, ನಿದ್ದೆ ಬಾರದವನು. ನೆಮ್ಮದಿಯಾಗಿ ಸಂಸಾರ ಮಾಡಿಕೊಂಡಿರುವವನು ಕೊಲೆಗಾರನನ್ನು ಹಿಡಿಯಬಾರದೆ?

ಉತ್ತರ: ಹಿಡಿಯಬಹುದು, ಹಿಡಿದದ್ದೂ ಉಂಟು. ಜಾರ್ಜ್ ಸಿಮೆನಾನ್ ಅವರ ಕಾದಂಬರಿಗಳ ಪೊಲೀಸ್ ಅಧಿಕಾರಿ ಮೇಗ್ರೆ, ಹೆಂಡತಿ ಬಡಿಸಿದ್ದನ್ನು ಮೆಚ್ಚಿ ಉಣ್ಣುತ್ತಲೇ 75 ಕಾದಂಬರಿಗಳಷ್ಟು ದೀರ್ಘವಾದ ಸೇವೆ ಸಲ್ಲಿಸಿದವನು. ಆದ್ದರಿಂದ ನಿಮ್ಮ ಬೇಸರ ನ್ಯಾಯವಾದದ್ದೇ. ಇಂಥ ಕಾದಂಬರಿ ಕೈಗೆ ಬಂದಾಗ ನಾನೊಂದು ಸಣ್ಣ ಪರೀಕ್ಷೆ ಮಾಡುತ್ತೇನೆ: ಅಧಿಕಾರಿಯ ಕೈಯಲ್ಲಿನ ಬಾಟಲಿಯನ್ನು ಮನಸ್ಸಿನಲ್ಲಿಯೇ ಕಿತ್ತುಕೊಂಡು ಮತ್ತೆ ಓದುತ್ತೇನೆ. ಆಗಲೂ ತನಿಖೆಯ ದಾರಿ ಕೂದಲೆಳೆಯಷ್ಟೂ ಬದಲಾಗದಿದ್ದರೆ ಆ ಕುಡಿತ ಬರಿಯ ವೇಷ. ಅವನು ಕುಡಿದಿದ್ದರಿಂದಲೇ ಒಬ್ಬ ಸಾಕ್ಷಿ ಅವನ ಮಾತನ್ನು ನಂಬಲಿಲ್ಲ, ಅಥವಾ ಒಂದು ದಿನಾಂಕವನ್ನು ಅವನು ತಪ್ಪಾಗಿ ಬರೆದುಕೊಂಡ ಎಂದಾದರೆ ಮಾತ್ರ ಅದು ಕಥೆಗೆ ಸೇರಿದ್ದು.

ಸಣ್ಣ ಊರಿನಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗಿರುತ್ತದೆ. ಮಹಾನಗರದಲ್ಲಿ ಅಧಿಕಾರಿಯ ಮನೆಯ ಕಥೆ ಯಾರಿಗೂ ಬೇಕಿಲ್ಲ, ಆತ ಗುರುತಿನ ಚೀಟಿ ತೋರಿಸಿ ಪ್ರಶ್ನೆ ಕೇಳುತ್ತಾನೆ, ಉತ್ತರ ಬರೆದುಕೊಂಡು ಹೋಗುತ್ತಾನೆ. ಸಣ್ಣ ಊರಿನಲ್ಲಾದರೋ ಬಾಗಿಲು ತೆರೆದ ಮುದುಕಿಗೆ ಅವನ ಮದುವೆ ಮುರಿದದ್ದು ಯಾವ ತಿಂಗಳಿನಲ್ಲಿ ಎಂಬುದೂ ಗೊತ್ತು, ಆರೋಪ ಹೊತ್ತವನು ಅವನ ಜೊತೆ ಒಂದೇ ಬೆಂಚಿನ ಮೇಲೆ ಕುಳಿತು ಪಾಠ ಕೇಳಿದವನು. ಅಲ್ಲಿ ವಿಚಾರಣೆಗೆ ಒಳಗಾಗುವವರು ಇಬ್ಬರು, ಒಬ್ಬರ ಹೇಳಿಕೆ ಮಾತ್ರ ಕಾಗದಕ್ಕೆ ಇಳಿಯುತ್ತದೆ.

ಪ್ರಶ್ನೆ: ಪತ್ತೇದಾರ ಹೀಗೆ ನೊಂದ ಜೀವಿಯಾದದ್ದು ಯಾವಾಗಿನಿಂದ?

ಉತ್ತರ: ನಾವು ಅಂದುಕೊಂಡಷ್ಟು ಈಚೆಗಲ್ಲ. 1887ರಲ್ಲಿ ಕಾಣಿಸಿಕೊಂಡ ಷರ್ಲಾಕ್ ಹೋಮ್ಸ್, 1890ರ ಎರಡನೆಯ ಕಾದಂಬರಿಯ ಮೊದಲ ಪುಟದಲ್ಲಿಯೇ ಕೊಕೇನ್ ಚುಚ್ಚಿಕೊಳ್ಳುತ್ತಾನೆ. ಕೆಲಸವಿಲ್ಲದ ಮನಸ್ಸಿನ ಬೇಗೆ ತಡೆಯದೆ ಹಿಡಿದ ಚಟ ಅದು, ಪ್ರಕರಣವೊಂದು ಸಿಕ್ಕಿತೆಂದರೆ ಮರೆಗೆ ಸರಿಯುತ್ತದೆ. ನೋವು ತನಿಖೆಯ ಉದ್ದಕ್ಕೂ ಜೊತೆಗಿರುವ ಬಗೆ ಬೇರೆಯದು. ಅದಕ್ಕೆ ಸ್ವೀಡನ್ನಿನ ಕಡೆ ನೋಡಬೇಕು. ಮಾಯ್ ಶೋವಾಲ್ ಮತ್ತು ಪೆರ್ ವಾಲೋ 1965ರಿಂದ 1975ರವರೆಗೆ ಬರೆದ 10 ಕಾದಂಬರಿಗಳಲ್ಲಿ ಮಾರ್ಟಿನ್ ಬೆಕ್ ಎಂಬ ಪೊಲೀಸನಿಗೆ ನೆಗಡಿಯೂ ಹೊಟ್ಟೆನೋವೂ ಬೇಸತ್ತ ದಾಂಪತ್ಯವೂ ಇವೆ. 1991ರಲ್ಲಿ ಹೆನ್ನಿಂಗ್ ಮಾಂಕೆಲ್ ಅವರ ವಾಲಾಂಡರ್ ಬಂದ. ಅವನ ಠಾಣೆ ಇರುವುದು ಇಸ್ಟಾಡ್ ಎಂಬ ಸಣ್ಣ ಕಡಲೂರಿನಲ್ಲಿ. ವಿಚ್ಛೇದನ, ಜೊತೆಗೆ ಹೊಂದಿಕೊಳ್ಳದ ತಂದೆ, ಮುಂದೆ ಮಧುಮೇಹ. ಸರಣಿಯ ಕೊನೆಯಲ್ಲಿ ಅವನಿಗೆ ಏನಾಗುತ್ತದೆ ಎಂಬುದನ್ನು ಮಾತ್ರ ಹೇಳಲಾರೆ, ಓದದವರ ಶಾಪ ನನಗೆ ಬೇಡ.

ಪ್ರಶ್ನೆ: ಕೆಲವೇ ಸಾವಿರ ಜನರಿರುವ ಊರಿನಲ್ಲಿ ವರ್ಷಕ್ಕೊಂದು ಕೊಲೆ ನಡೆದರೆ ನಂಬುವುದು ಹೇಗೆ?

ಉತ್ತರ: ನಂಬಬೇಡಿ. ಅದು ಸರಣಿ ಕಾದಂಬರಿಯ ಹುಟ್ಟುದೋಷ. ಮೊದಲ ಪುಸ್ತಕದಲ್ಲಿ ಊರು ಬೆಚ್ಚಿಬೀಳುತ್ತದೆ, ಆರನೆಯದರ ಹೊತ್ತಿಗೆ ಹೆಣ ಸಿಕ್ಕರೂ ಯಾರೂ ಆಕಳಿಕೆ ನಿಲ್ಲಿಸುವುದಿಲ್ಲ. ಒಂದೇ ಕೊಲೆಯ ಬಿಡಿ ಕಾದಂಬರಿಗಳ ಮೇಲೆ ನನಗೆ ಹೆಚ್ಚು ಪ್ರೀತಿ.

ಪ್ರಶ್ನೆ: ವೈದ್ಯರು ಹೆಣ ನೋಡಿದೊಡನೆ "ರಾತ್ರಿ 11.20ಕ್ಕೆ ಸಾವು ಸಂಭವಿಸಿದೆ" ಎನ್ನುತ್ತಾರೆ. ಇದು ಸಾಧ್ಯವೆ?

ಉತ್ತರ: ಸಾಧ್ಯವಿಲ್ಲ. ಸಾಮಾನ್ಯವಾಗಿ ಸತ್ತ 2ರಿಂದ 4 ಗಂಟೆಗಳಲ್ಲಿ ರೆಪ್ಪೆ, ದವಡೆ, ಕುತ್ತಿಗೆಗಳಿಂದ ಆರಂಭವಾಗುವ ಮರಣೋತ್ತರ ಸೆಡೆತ, ಸುಮಾರು 12 ಗಂಟೆಗಳಲ್ಲಿ ಮೈಯೆಲ್ಲ ಹರಡಿ, ಅನಂತರ ನಿಧಾನವಾಗಿ ಸಡಿಲಗೊಳ್ಳುತ್ತದೆ. ಸುತ್ತಲಿನ ಬಿಸಿ ಹೆಚ್ಚಿದ್ದರೆ ಬೇಗ, ಚಳಿಯಿದ್ದರೆ ತಡವಾಗಿ. ಸಾಯುವ ಮುನ್ನ ದೇಹ ಹೆಣಗಾಡಿದ್ದರೂ ಲೆಕ್ಕ ತಪ್ಪುತ್ತದೆ. ಹಾಗಾಗಿ ಪ್ರಾಮಾಣಿಕ ವೈದ್ಯರು ಕೊಡುವುದು ಕೆಲವು ಗಂಟೆಗಳ ಅಂದಾಜನ್ನು, ಗಡಿಯಾರದ ಮುಳ್ಳನ್ನಲ್ಲ. ಜಾಣ ಲೇಖಕನಿಗೆ ಇದು ಲಾಭವೇ, ಏಕೆಂದರೆ ಆ ಕೆಲವು ಗಂಟೆಗಳಲ್ಲಿ ಯಾರು ಎಲ್ಲಿದ್ದರು ಎಂಬುದನ್ನು ಊರಿನ ಕಿಟಕಿಗಳು ಬಲ್ಲವು, ಆ ಕಿಟಕಿಗಳ ಹಿಂದಿನವರು ಬಾಯಿ ಬಿಡುವಂತೆ ಮಾಡುವುದೇ ತನಿಖೆ.

ಪ್ರಶ್ನೆ: ನಾನೇ ಇಂಥ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ನನ್ನ ಅಧಿಕಾರಿಯ ತಮ್ಮ ಚಿಕ್ಕಂದಿನಲ್ಲಿ ಕೆರೆಯಲ್ಲಿ ಮುಳುಗಿ ಸತ್ತವನು. ಇದನ್ನು ಯಾವ ಅಧ್ಯಾಯದಲ್ಲಿ ಹೇಳಲಿ?

ಉತ್ತರ: ಹೇಳುವ ಮೊದಲು ಅದರಿಂದ ಕೆಲಸ ತೆಗೆಸಿ. ಈಗ ಅದೇ ಕೆರೆಯಲ್ಲಿ ಇನ್ನೊಂದು ಹೆಣ ತೇಲಿದೆ ಎಂದಿಟ್ಟುಕೊಳ್ಳಿ. ಸಾಕ್ಷಿ ಹೇಳಬೇಕಾದವನು ದಡದಲ್ಲಿ ಗುಡಿಸಲು ಹಾಕಿಕೊಂಡಿರುವ ಮುದಿ ಅಂಬಿಗ, ಅಂದು ಆ ತಮ್ಮನನ್ನು ನೀರಿನಿಂದ ಎತ್ತಿ ತಂದವನೂ ಅವನೇ. ಅಧಿಕಾರಿ ದೋಣಿ ಎಲ್ಲಿತ್ತೆಂದು ಕೇಳುತ್ತಾನೆ, ಲಾಂದ್ರ ಉರಿಯುತ್ತಿತ್ತೆ ಎಂದು ಕೇಳುತ್ತಾನೆ, ಹುಟ್ಟಿನ ಮೇಲಿನ ಗೀರುಗಳನ್ನು ಬೆರಳಿನಿಂದ ಮುಟ್ಟಿ ಎಣಿಸುತ್ತಾನೆ. ಯಾರಿಗಾದರೂ ಮೊದಲು ತೋಚಬೇಕಾದ ಪ್ರಶ್ನೆ, ಕೂಗು ಕೇಳಿಸಿತೆ ಎಂಬುದು, ಅವನ ಬಾಯಿಂದ ಬರುವುದಿಲ್ಲ, ಅದು ಅವನು ಇಪ್ಪತ್ತು ವರ್ಷಗಳಿಂದ ಈ ಅಂಬಿಗನನ್ನು ಕೇಳಲಾಗದೆ ಉಳಿಸಿಕೊಂಡ ಪ್ರಶ್ನೆ. ಅಂಬಿಗನೂ ಅದಕ್ಕೇ ಕಾಯುತ್ತ ಕುಳಿತು, ಕೇಳದಿದ್ದಾಗ ಬೀಡಿ ಹಚ್ಚುತ್ತಾನೆ. ಕೊಲೆಗಾರನಿಗೆ ಇನ್ನೂ ಹತ್ತು ದಿನ ಸಿಗುವುದು ಆ ಮೌನದಿಂದ.

ಇಲ್ಲಿ ಓದುಗರಿಗೆ ಮೋಸವಿಲ್ಲ. ಹೇಳಿಕೆಯ ಎರಡು ಪುಟಗಳನ್ನೂ ಅವರ ಮುಂದಿಡಿ, ಪ್ರಶ್ನೆ ಬಿಟ್ಟುಹೋಗಿರುವುದನ್ನು ಚುರುಕಾದವರು ಗಮನಿಸಲಿ. ತಮ್ಮನ ವಿಷಯವನ್ನು ಅಧಿಕಾರಿಯ ನೆನಪಿನಲ್ಲಿ ಬಿಚ್ಚಬೇಡಿ, ನಡುರಾತ್ರಿಯ ಕನಸಿನಲ್ಲಂತೂ ಬೇಡವೇ ಬೇಡ. ಅದೇ ಹೇಳಿಕೆಯನ್ನು ಠಾಣೆಯಲ್ಲಿ ಶುದ್ಧಪ್ರತಿ ಮಾಡುತ್ತಿರುವ ಕಿರಿಯ ಪೇದೆಯೊಬ್ಬ ತಲೆಯೆತ್ತಿ, "ಸರ್, ಕೂಗಿನ ವಿಷಯ ಬರೆದುಕೊಂಡಿಲ್ಲವಲ್ಲ" ಎನ್ನಲಿ. ಪೇದೆ ಬೇರೆ ಊರಿನವನಾಗಿದ್ದರೆ ಒಳ್ಳೆಯದು. ಠಾಣೆಯಲ್ಲಿ ಉಳಿದವರೆಲ್ಲರೂ ಆಗ ತಂತಮ್ಮ ಕಾಗದಗಳ ಮೇಲೆ ತಲೆ ತಗ್ಗಿಸಿರುತ್ತಾರೆ.